ಅರಿಸ್ಟಾಟಲ್ ಹೆಸರಲ್ಲಿರುವ ಮಾತು ಅವನದೇ ಹೌದಾ ಎಂದು ಪರೀಕ್ಷಿಸುವುದು ಹೇಗೆ?

ಹಾದಿಹೋಕ ಕೇಳಿದ್ದು:

ಗ್ರೀಕ್ ತತ್ವಶಾಸ್ತ್ರ ಬಾಗ್ದಾದ್, ಸ್ಪೇನಿನ ಟೊಲೆಡೊ, ಇಟಲಿಯ ಫ್ಲಾರೆನ್ಸ್ ಹಾದು ಹೇಗೆ ಮತ್ತೆ ಮತ್ತೆ ಹೊಸ ಜೀವ ಪಡೆಯಿತು ಎನ್ನುವುದರ ಬಗ್ಗೆ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಮೂರು ಕಡೆ ಗಾಡಿ ನಿಂತಿದೆ, ಗೊತ್ತಿರುವವರು ತಿಳಿಸಿ.

ಮೊದಲನೆಯದು: ಆತ್ಮವು ದೇಹವನ್ನು ಕಳಚಿಟ್ಟು ತನ್ನೊಳಕ್ಕೇ ಹೋಗಿ, ಅಲ್ಲಿನ ಸೌಂದರ್ಯ ಕಂಡು ಬೆರಗಾಗುತ್ತದೆ ಎಂಬರ್ಥದ ಒಂದು ಭಾಗ ಒಂದು ಸಂಕಲನದಲ್ಲಿ ಅರಿಸ್ಟಾಟಲ್‌ನ ಹೆಸರಲ್ಲಿದೆ, ಇನ್ನೊಂದರಲ್ಲಿ 3ನೇ ಶತಮಾನದ ತತ್ವಜ್ಞಾನಿ ಪ್ಲೊಟಿನಸ್‌ನ ಹೆಸರಲ್ಲಿದೆ. ಯಾರದ್ದು?

ಎರಡನೆಯದು: "ಯುರೋಪಿನಲ್ಲಿ ಗ್ರೀಕ್ ಗ್ರಂಥಗಳೆಲ್ಲ ಕಳೆದುಹೋಗಿದ್ದವು, ಅರಬ್ಬರು ಉಳಿಸಿದರು, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದಾಗ ವಿದ್ವಾಂಸರು ಗ್ರಂಥ ಹೊತ್ತು ಇಟಲಿಗೆ ಓಡಿದರು, ನವೋದಯ ಶುರುವಾಯಿತು" ಎನ್ನುವ ಕಥೆಯನ್ನು ಹಾಗೇ ಬರೆಯಬಹುದೇ?

ಮೂರನೆಯದು: ಉಲ್ಲೇಖ ಕೊಡುವಾಗ ಯಾವ ಪುಟಸಂಖ್ಯೆ ಹಾಕಬೇಕು? ಒಂದೊಂದು ಅನುವಾದದಲ್ಲಿ ಒಂದೊಂದು ಪುಟ ಬರುತ್ತದೆ.

ಟಿಪ್ಪಣಿಕಾರ:

ಮೊದಲನೆಯದಕ್ಕೆ ಅನುಮಾನವೇ ಬೇಡ. ಅದು ಪ್ಲೊಟಿನಸ್‌ನದು, ಅವನ ಪ್ರಬಂಧಗಳ ಸಂಗ್ರಹವಾದ ಎನಿಯಡ್ಸ್ 4.8.1, ಅಂದರೆ ನಾಲ್ಕನೇ ಕಟ್ಟಿನ ಎಂಟನೇ ಪ್ರಬಂಧದ ಮೊದಲ ಅಧ್ಯಾಯ. ಆ ಪ್ರಬಂಧದ ಮೊದಲ ವಾಕ್ಯವೇ ಅದು.

ಅರಿಸ್ಟಾಟಲ್‌ನ ಹೆಸರು ಅಂಟಿದ್ದು 9ನೇ ಶತಮಾನದ ಬಾಗ್ದಾದ್‌ನಲ್ಲಿ. ತತ್ವಜ್ಞಾನಿ ಅಲ್-ಕಿಂದಿಯ ಬಳಗದಲ್ಲಿದ್ದ ಹಿಮ್ಸ್‌ನ ಇಬ್ನ್ ನಾಇಮಾ ಎನಿಯಡ್ಸ್‌ನ 4, 5, 6ನೇ ಭಾಗಗಳಿಂದ ಆಯ್ದು, ಅಲ್ಲಲ್ಲಿ ವಿಸ್ತರಿಸಿ, ಅರಬ್ಬಿಗೆ ತಂದ. ಖಲೀಫ ಅಲ್-ಮುತಸಿಮ್‌ನ ಮಗ ಅಹ್ಮದ್‌ಗಾಗಿ ಅಲ್-ಕಿಂದಿ ಅದನ್ನು ತಿದ್ದಿಕೊಟ್ಟ. ಹತ್ತು ಅಧ್ಯಾಯದ ಈ ಪುಸ್ತಕಕ್ಕೆ 'ಅರಿಸ್ಟಾಟಲ್‌ನ ದೇವತಾಶಾಸ್ತ್ರ' ಎಂದು ಹೆಸರು. ಪೊರ್ಫಿರಿ ಇದಕ್ಕೆ ವ್ಯಾಖ್ಯಾನ ಬರೆದ ಎಂದು ಮುನ್ನುಡಿಯೇ ಹೇಳುತ್ತದೆ. ಸುಳಿವು ಇರುವುದೇ ಅಲ್ಲಿ: ಪ್ಲೊಟಿನಸ್‌ನ 54 ಪ್ರಬಂಧಗಳನ್ನು ಒಂಬತ್ತೊಂಬತ್ತರ ಆರು ಕಟ್ಟು ಮಾಡಿದವನು ಅವನ ಶಿಷ್ಯನಾದ ಇದೇ ಪೊರ್ಫಿರಿ. ಸಂಪಾದಕನ ಹೆಸರು ಉಳಿಯಿತು, ಕರ್ತೃವಿನ ಹೆಸರು ಜಾರಿಹೋಯಿತು.

ಇಷ್ಟು ಸುಲಭವಾಗಿ ಜನ ಒಪ್ಪಿದ್ದೇಕೆ ಎಂದರೆ ಜಾಗ ಖಾಲಿ ಇತ್ತು. ಅರಿಸ್ಟಾಟಲ್‌ನ 'ಮೆಟಾಫಿಸಿಕ್ಸ್'ನಲ್ಲಿ ದೇವರ ವಿಷಯ ಬರುವುದು ಮುಖ್ಯವಾಗಿ ಲ್ಯಾಮ್ಡಾ ಎಂಬ ಒಂದು ಭಾಗದಲ್ಲಿ, ಅದೂ ತೀರಾ ಬಿಗಿಯಾಗಿ. ಉಳಿದದ್ದನ್ನು ಎಲ್ಲಿ ಹೇಳಿದ್ದಾನೆ ಎಂದು ಹುಡುಕುವವರ ಕೈಗೆ ಈ ಪುಸ್ತಕ ಸಿಕ್ಕಿತು. 11ನೇ ಶತಮಾನದ ತತ್ವಜ್ಞಾನಿ ಇಬ್ನ್ ಸೀನಾ ಇದಕ್ಕೆ ಟಿಪ್ಪಣಿ ಬರೆದ, ಆದರೆ ಇದರ ಬಗ್ಗೆ ತನಗಿದ್ದ ಸಂಶಯವನ್ನು ಒಂದು ಪತ್ರದಲ್ಲಿ ಸೂಚಿಸಿಯೂ ಇದ್ದ.

ಇದಕ್ಕೊಂದು ಅವಳಿ ಪ್ರಕರಣವಿದೆ, ನಿಮ್ಮ ಲೇಖನಕ್ಕೆ ಅದೇ ಹೆಚ್ಚು ಉಪಯೋಗ. ಪ್ಲೊಟಿನಸ್‌ನ ಪಂಥದಲ್ಲೇ ಬಂದ, 5ನೇ ಶತಮಾನದ ಪ್ರೊಕ್ಲಸ್‌ನ 'ದೇವತಾಶಾಸ್ತ್ರದ ಮೂಲತತ್ವಗಳು' ಕೃತಿಯಲ್ಲಿ 211 ಸೂತ್ರಗಳಿವೆ. ಅದರಿಂದ ಆಯ್ದು ಬದಲಿಸಿ ಅರಬ್ಬಿಯಲ್ಲಿ 31 ಸೂತ್ರಗಳ ಒಂದು ಕಿರುಪುಸ್ತಕ ಆಯಿತು. 12ನೇ ಶತಮಾನದಲ್ಲಿ ಕ್ರೆಮೋನಾದ ಗೆರಾರ್ಡ್ ಟೊಲೆಡೊದಲ್ಲಿ ಅದನ್ನು ಲ್ಯಾಟಿನ್‌ಗೆ ತಂದ. 'ಕಾರಣಗಳ ಪುಸ್ತಕ' ಎಂದು ಹೆಸರಾಗಿ, 1255ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಪಠ್ಯಪಟ್ಟಿಯಲ್ಲಿ ಅರಿಸ್ಟಾಟಲ್‌ನ ಕೃತಿಗಳ ಜೊತೆಗೇ ಕೂತಿತು. 1268ರಲ್ಲಿ ಮೊರ್ಬೆಕೆಯ ವಿಲಿಯಂ ಪ್ರೊಕ್ಲಸ್‌ನ ಮೂಲವನ್ನು ನೇರ ಗ್ರೀಕಿನಿಂದ ಅನುವಾದಿಸಿದ. ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಎರಡನ್ನೂ ಪಕ್ಕಪಕ್ಕ ಇಟ್ಟು ಸೂತ್ರಕ್ಕೆ ಸೂತ್ರ ಹೋಲಿಸಿ, ಇದು ಪ್ರೊಕ್ಲಸ್‌ನಿಂದ ಎತ್ತಿದ್ದು ಎಂದು 1272ರ ತನ್ನ ವ್ಯಾಖ್ಯಾನದಲ್ಲಿ ತೋರಿಸಿದ. ಪರೀಕ್ಷೆಯ ವಿಧಾನ ಇವತ್ತಿಗೂ ಅದೇ.

ಈಗ ಸಂಖ್ಯೆಗಳು. ಅನುವಾದದ ಪುಟಸಂಖ್ಯೆ ಹಾಕಲೇಬೇಡಿ.

ಪ್ಲೇಟೋಗೆ ಆನ್ರಿ ಎತಿಯೆನ್ 1578ರಲ್ಲಿ ಅಚ್ಚು ಹಾಕಿದ ಆವೃತ್ತಿಯ ಪುಟ. ಇವನ ಲ್ಯಾಟಿನ್ ಹೆಸರು ಸ್ಟೆಫಾನಸ್, ಹಾಗಾಗಿ ಸ್ಟೆಫಾನಸ್ ಸಂಖ್ಯೆ ಎನ್ನುತ್ತಾರೆ. ಪ್ರತಿ ಪುಟ ಎ ಇಂದ ಇ ವರೆಗೆ ಭಾಗವಾಗಿರುತ್ತದೆ. ಗುಹೆಯ ದೃಷ್ಟಾಂತ 'ರಿಪಬ್ಲಿಕ್' 514ಎ. ಆ ಆವೃತ್ತಿ ಮೂರು ಸಂಪುಟ, ಪ್ರತಿ ಸಂಪುಟದಲ್ಲೂ ಪುಟ 1ರಿಂದ ಶುರು. ಆದ್ದರಿಂದ ಸಂವಾದದ ಹೆಸರು ಬಿಟ್ಟು ಬರೀ ಸಂಖ್ಯೆ ಕೊಟ್ಟರೆ ಕೆಲಸಕ್ಕೆ ಬಾರದು.

ಅರಿಸ್ಟಾಟಲ್‌ಗೆ 1831ರ ಬರ್ಲಿನ್ ಅಕಾಡೆಮಿ ಆವೃತ್ತಿ, ಸಂಪಾದಕ ಬೆಕ್ಕರ್. ಪುಟ, ಕಾಲಂ, ಸಾಲು: 'ನಿಕೊಮಾಕಿಯನ್ ಎಥಿಕ್ಸ್' ಶುರುವಾಗುವುದು 1094ಎ1ರಲ್ಲಿ. ಇಲ್ಲಿ ಇಡೀ ಕೃತಿಸಮೂಹಕ್ಕೆ ಒಂದೇ ಓಟದ ಸಂಖ್ಯೆ, 1ಎ ಇಂದ 1462ಬಿ ವರೆಗೆ. ಅಂದರೆ ಅರಿಸ್ಟಾಟಲ್‌ನದು ಎನ್ನುವ ಯಾವ ಮಾತಿಗಾದರೂ ಈ ವ್ಯಾಪ್ತಿಯಲ್ಲಿ ಸಂಖ್ಯೆ ಕೇಳಿ. ಇಲ್ಲದಿದ್ದರೆ ಅದು ಬಿಡಿ ತುಣುಕುಗಳಲ್ಲಿರಬೇಕು, ಇಲ್ಲವೇ ಪಪೈರಸ್‌ನಲ್ಲಿ ಸಿಕ್ಕು 1891ರಲ್ಲಿ ಪ್ರಕಟವಾದ 'ಅಥೆನ್ಸಿನ ಸಂವಿಧಾನ'ದಲ್ಲಿರಬೇಕು. ಎರಡೂ ಅಲ್ಲವೆಂದರೆ ಕೈಬಿಡಿ. 'ದೇವತಾಶಾಸ್ತ್ರ'ಕ್ಕೆ ಬೆಕ್ಕರ್ ಸಂಖ್ಯೆಯೇ ಇಲ್ಲ, ನಿಮ್ಮ ಸಂಕಲನದ ಗುಟ್ಟು ಅಲ್ಲೇ ಬಯಲಾಗುತ್ತಿತ್ತು.

ಒಂದು ಎಚ್ಚರ: ಬೆಕ್ಕರ್ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಅರಿಸ್ಟಾಟಲ್‌ನದು ಎಂದಲ್ಲ. ಬೆಕ್ಕರ್ ಪುಟ 391ರಿಂದ 401ರ ತನಕ ಬರುವ 'ಜಗತ್ತಿನ ಕುರಿತು', 791ರಿಂದ ಶುರುವಾಗುವ 'ಬಣ್ಣಗಳ ಕುರಿತು', 1420ರಿಂದ ಬರುವ 'ಅಲೆಕ್ಸಾಂಡರ್‌ನಿಗೆ ಬರೆದ ವಾಕ್ಶಾಸ್ತ್ರ', ಇವನ್ನೆಲ್ಲ ಅವನ ಹೆಸರಲ್ಲಿ ಬೇರೆಯವರು ಬರೆದದ್ದು ಎಂದೇ ಈಗ ಎಣಿಸುತ್ತಾರೆ.

ಸಾಕ್ರೆಟಿಸ್‌ಗಿಂತ ಹಿಂದಿನವರಿಗೆ ಡೀಲ್ಸ್ 1903ರಲ್ಲಿ ಶುರುಮಾಡಿ ಕ್ರಾಂಝ್ ಪರಿಷ್ಕರಿಸಿದ ಡಿಕೆ ಸಂಖ್ಯೆ. ಎ ಎಂದರೆ ಬೇರೆಯವರು ಅವರ ಬಗ್ಗೆ ಹೇಳಿದ್ದು, ಬಿ ಎಂದರೆ ಅವರ ಸ್ವಂತ ಮಾತು ಎಂದು ಡೀಲ್ಸ್ ತೀರ್ಮಾನಿಸಿದ್ದು. ಆ ತೀರ್ಮಾನವೂ ಒಂದು ವ್ಯಾಖ್ಯಾನವೇ. ಹೆರಾಕ್ಲಿಟಸ್‌ನ ನದಿಯ ಮಾತನ್ನೇ ನೋಡಿ. 'ಒಂದೇ ನದಿಗೆ ಎರಡು ಸಲ ಇಳಿಯಲಾರೆ' ಎಂಬ ರೂಪ ಪ್ಲೇಟೋನ 'ಕ್ರಾಟಿಲಸ್' 402ಎಯಲ್ಲಿದೆ, ಪ್ಲೂಟಾರ್ಕ್‌ನಲ್ಲಿದೆ (22ಬಿ91, ಇಲ್ಲಿ 22 ಹೆರಾಕ್ಲಿಟಸ್‌ನ ಕ್ರಮಸಂಖ್ಯೆ). ಅದೇ ನದಿಗೆ ಇಳಿಯುವವರ ಮೇಲೆ ಬೇರೆ ಬೇರೆ ನೀರು ಹರಿಯುತ್ತದೆ ಎನ್ನುವ 22ಬಿ12 ನಮಗೆ ಬಂದದ್ದು ಯೂಸಿಬಿಯಸ್‌ನಿಂದ. ಅವನು ಎತ್ತಿದ್ದು ಏರಿಯಸ್ ಡಿಡಿಮಸ್‌ನಿಂದ, ಏರಿಯಸ್ ಹೇಳುತ್ತಿರುವುದು ಸ್ಟೋಯಿಕ್ ಕ್ಲಿಯಾಂಥಿಸ್‌ನ ಮಾತನ್ನು. ನಡುವೆ ಮೂರು ಕೈ. ಎರಡು ರೂಪಗಳ ಅರ್ಥವೂ ಒಂದಲ್ಲ: ಮೊದಲನೆಯದರಲ್ಲಿ ನದಿಯೇ ಉಳಿಯುವುದಿಲ್ಲ, ಎರಡನೆಯದರಲ್ಲಿ ನೀರು ಬದಲಾಗುವುದರಿಂದಲೇ ನದಿ ನದಿಯಾಗಿ ಉಳಿದಿದೆ.

ಪಾಠಾಂತರ:

1453ರ ಕಥೆಗೆ ಬರುತ್ತೇನೆ. ಅದರಲ್ಲಿ ಮೂರು ಹೇಳಿಕೆ ಇವೆ, ಮೂರೂ ಅರ್ಧಂಬರ್ಧ.

"ಎಲ್ಲ ಕಳೆದುಹೋಗಿತ್ತು" ಎನ್ನುವುದು ಲ್ಯಾಟಿನ್ ಓದುಗರಿಗೆ ಮಾತ್ರ ಅನ್ವಯಿಸುತ್ತದೆ. ರೋಮಿನ ವಿದ್ವಾಂಸ ಬೊಯೀಥಿಯಸ್ ಪ್ಲೇಟೋ, ಅರಿಸ್ಟಾಟಲ್ ಇಬ್ಬರನ್ನೂ ಪೂರ್ತಿ ಲ್ಯಾಟಿನ್‌ಗೆ ತರಲು ಹೊರಟವನು, ತರ್ಕಗ್ರಂಥಗಳ ಹಂತದಲ್ಲೇ ನಿಂತ, 524ರ ಹೊತ್ತಿಗೆ ಮರಣದಂಡನೆಯಾಯಿತು. 12ನೇ ಶತಮಾನದವರೆಗೆ ಲ್ಯಾಟಿನ್ ಜಗತ್ತಿನ ಕೈಲಿದ್ದ ಅರಿಸ್ಟಾಟಲ್ ಎಂದರೆ ಬಹುಮಟ್ಟಿಗೆ 'ಕೆಟಗರೀಸ್' ಮತ್ತು 'ಆನ್ ಇಂಟರ್‌ಪ್ರಿಟೇಶನ್'. ಪ್ಲೇಟೋ ಎಂದರೆ ಕ್ಯಾಲ್ಸಿಡಿಯಸ್ ಅನುವಾದಿಸಿದ 'ಟಿಮೇಯಸ್', ಅದೂ 53ಸಿ ವರೆಗೆ. ಆದರೆ ಗ್ರೀಕ್ ಓದುವ ಬೈಜಾಂಟಿಯಂನಲ್ಲಿ (ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ) ಮೂಲಗಳು ಎಂದೂ ಕೈತಪ್ಪಿರಲಿಲ್ಲ.

ಈ ಬೈಜಾಂಟಿಯಂ ಭಾಗವನ್ನು ಜನ ಮರೆತೇಬಿಡುತ್ತಾರೆ. 9ನೇ ಶತಮಾನದಿಂದ ಅಲ್ಲಿನ ಲಿಪಿಕಾರರು ಹಳೆಯ ದೊಡ್ಡಕ್ಷರದ ಪ್ರತಿಗಳನ್ನು ಹೊಸ ಕೂಡಕ್ಷರದ ಬರಹಕ್ಕೆ ಇಳಿಸತೊಡಗಿದರು. ಆ ಜರಡಿಯಲ್ಲಿ ಉಳಿದದ್ದೇ ಹೆಚ್ಚುಕಡಿಮೆ ನಮಗೆ ಸಿಕ್ಕಿರುವುದು. ಹೊಸ ಬರಹಕ್ಕೆ ಇಳಿಯದ ಕೃತಿ ಸಾಮಾನ್ಯವಾಗಿ ನಾಶವಾಯಿತು. ತಪ್ಪುಗಳು ನುಸುಳಿದ್ದೂ ಅಲ್ಲೇ: ಆಲ್ಫಾ, ಡೆಲ್ಟಾ, ಲ್ಯಾಮ್ಡಾ ಮೂರೂ ದೊಡ್ಡಕ್ಷರದಲ್ಲಿ ತ್ರಿಕೋನದ ಹಾಗೆ ಕಾಣುತ್ತವೆ, ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇರಲಿಲ್ಲ. ಒಂದು ಪ್ರತಿಯ ಲೆಕ್ಕ ಉಳಿದಿದೆ: ಬೈಜಾಂಟಿಯಂನ ವಿದ್ವಾಂಸ ಅರೆಥಾಸ್ 895ರಲ್ಲಿ ಜಾನ್ ಎಂಬ ಲಿಪಿಕಾರನಿಂದ ಬರೆಸಿಕೊಂಡ ಪ್ಲೇಟೋ ಸಂಪುಟ. ಬರವಣಿಗೆಗೆ 13 ಚಿನ್ನದ ನಾಣ್ಯ, ಚರ್ಮದ ಹಾಳೆಗೆ 8, ಒಟ್ಟು 21. ಅದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ, ಪ್ಲೇಟೋನ ಪಠ್ಯಕ್ಕೆ ಮುಖ್ಯ ಆಧಾರಗಳಲ್ಲಿ ಒಂದು.

"ಅರಬ್ಬರು ಉಳಿಸಿದರು" ಎನ್ನುವುದು ಅವರನ್ನು ಉಗ್ರಾಣದ ಕಾವಲುಗಾರರನ್ನಾಗಿ ಮಾಡುತ್ತದೆ. ನಡೆದದ್ದು ಗ್ರಂಥಸಂಪಾದನೆ, ವಿಮರ್ಶೆ, ಹೊಸ ಸಿದ್ಧಾಂತ. ಬಾಗ್ದಾದಿನ ಅನುವಾದಕ ಹುನೈನ್ ಇಬ್ನ್ ಇಸ್ಹಾಕ್ (ಮರಣ 873) ಗ್ರೀಕ್ ವೈದ್ಯ ಗೇಲನ್‌ನ ಸುಮಾರು 129 ಕೃತಿಗಳನ್ನು ಯಾರು, ಯಾರಿಗಾಗಿ, ಯಾವ ಪ್ರತಿಯಿಂದ ಅನುವಾದಿಸಿದರು ಎಂದು ಒಂದು ಪತ್ರದಲ್ಲಿ ಪಟ್ಟಿ ಮಾಡಿದ್ದಾನೆ. ಅದರಲ್ಲಿ ಒಂದು ಕೃತಿಯ ಕಥೆ: ಇಪ್ಪತ್ತರ ಆಸುಪಾಸಿನಲ್ಲಿ ದೋಷಭರಿತ ಒಂದೇ ಪ್ರತಿಯಿಂದ ಸಿರಿಯಕ್ ಭಾಷೆಗೆ ಅನುವಾದಿಸಿದ್ದ. ನಲವತ್ತರ ಹೊತ್ತಿಗೆ ಶಿಷ್ಯ ಹುಬೈಶ್ ತಿದ್ದಿಕೊಡಿ ಎಂದ. ಅಷ್ಟರಲ್ಲಿ ಹಲವು ಗ್ರೀಕ್ ಪ್ರತಿಗಳು ಕೂಡಿದ್ದವು. ಮೊದಲು ಅವನ್ನು ಒಂದಕ್ಕೊಂದು ತಾಳೆ ನೋಡಿ ಒಂದು ಶುದ್ಧ ಗ್ರೀಕ್ ಪ್ರತಿ ಮಾಡಿಕೊಂಡ, ಆಮೇಲೆ ಅದಕ್ಕೆ ಸಿರಿಯಕ್ ಪಾಠವನ್ನು ಹೋಲಿಸಿ ತಿದ್ದಿದ, ತನ್ನ ಪದ್ಧತಿಯೇ ಇದು ಎಂದು ಬರೆದ. ಗೇಲನ್‌ನ 'ಪ್ರಮಾಣದ ಕುರಿತು' ಹುಡುಕಿಕೊಂಡು ಮೆಸಪೊಟೇಮಿಯ, ಸಿರಿಯ, ಪ್ಯಾಲೆಸ್ತೀನ್, ಈಜಿಪ್ಟ್ ಸುತ್ತಿ ಅಲೆಕ್ಸಾಂಡ್ರಿಯಾ ತನಕ ಹೋದ. ಸಿಕ್ಕಿದ್ದು ಡಮಾಸ್ಕಸ್‌ನಲ್ಲಿ, ಅರ್ಧದಷ್ಟು ಮಾತ್ರ.

ಇನ್ನು "1453ರಲ್ಲಿ ಓಡಿಬಂದರು". ಬೈಜಾಂಟಿಯಂನ ವಿದ್ವಾಂಸ ಮ್ಯಾನುಯೆಲ್ ಕ್ರಿಸೊಲೊರಾಸ್ ಫ್ಲಾರೆನ್ಸಿನಲ್ಲಿ ಗ್ರೀಕ್ ಕಲಿಸಲು ಶುರುಮಾಡಿದ್ದು 1397ರಲ್ಲಿ. ಬೈಜಾಂಟಿಯಂನ ಇನ್ನೊಬ್ಬ ಪಂಡಿತ ಪ್ಲೆಥಾನ್ ಚರ್ಚ್ ಮಹಾಸಭೆಗೆಂದು ಬಂದು, ಪ್ಲೇಟೋ ದೊಡ್ಡವನೋ ಅರಿಸ್ಟಾಟಲೋ ಎಂಬ ಜಗಳ ಹಚ್ಚಿದ್ದು 1439ರಲ್ಲಿ. ಅದಕ್ಕೂ ಸುಮಾರು ಎರಡು ಶತಮಾನ ಮೊದಲೇ, 1260ರ ಆಸುಪಾಸಿನಲ್ಲಿ, ಮೊರ್ಬೆಕೆಯ ವಿಲಿಯಂ ಅರಿಸ್ಟಾಟಲ್‌ನ 'ಪಾಲಿಟಿಕ್ಸ್' ಅನ್ನು ಗ್ರೀಕಿನಿಂದಲೇ ತಂದಿದ್ದ. ಲ್ಯಾಟಿನ್ ಅರಿಸ್ಟಾಟಲ್‌ನ ಬಹುಪಾಲಿಗೆ ನೇರ ಗ್ರೀಕ್ ಅನುವಾದ ಇತ್ತು. ಅರಬ್ಬಿಯಿಂದ ಬಂದ ಬಹುದೊಡ್ಡ ಕೊಡುಗೆ ಎಂದರೆ ಇಬ್ನ್ ಸೀನಾ ಮತ್ತು 12ನೇ ಶತಮಾನದ ಇಬ್ನ್ ರುಶ್ದ್‌ರ ಸ್ವಂತ ಚಿಂತನೆ. 1453ರ ಪರಿಣಾಮ ಇಲ್ಲವೇ ಇಲ್ಲ ಎನ್ನಲಾಗದು. ಕಾರ್ಡಿನಲ್ ಬೆಸ್ಸಾರಿಯನ್ ಆಮೇಲೆ ಹಟ ಹಿಡಿದು ಪ್ರತಿ ಸಂಗ್ರಹಿಸಿದ, 1468ರಲ್ಲಿ ವೆನಿಸ್‌ಗೆ ಕೊಟ್ಟ 746 ಪ್ರತಿಗಳಲ್ಲಿ 482 ಗ್ರೀಕ್. ಆದರೆ ಆ ವರ್ಷದಿಂದ ನವೋದಯ ಶುರು ಎಂದು ಬರೆಯಬೇಡಿ.

ಪೂರ್ವಪಕ್ಷ:

ಟಿಪ್ಪಣಿಕಾರರ ಸಂಖ್ಯೆಯ ಪರೀಕ್ಷೆ ಒಪ್ಪಿದೆ. ಆದರೆ ಅದು ಕರ್ತೃ ಯಾರು ಎನ್ನುವುದನ್ನಷ್ಟೇ ತೀರ್ಮಾನಿಸುತ್ತದೆ. "ಮೂಲ ಶುದ್ಧ, ವ್ಯಾಖ್ಯಾನ ಕಲಬೆರಕೆ" ಎಂಬ ಧಾಟಿಯಲ್ಲಿ ಲೇಖನ ಹೊರಟರೆ ದಾರಿ ತಪ್ಪುತ್ತದೆ. ಮೂಲವೇ ಬಾಯಿ ಬಿಡದ ಕಡೆ ಏನು ಮಾಡುತ್ತೀರಿ?

ಅರಿಸ್ಟಾಟಲ್‌ನ 'ಆತ್ಮದ ಕುರಿತು' ಕೃತಿಯ ಮೂರನೇ ಭಾಗದ 5ನೇ ಅಧ್ಯಾಯ, 430ಎ10–25. ಬರೀ ಹದಿನಾರು ಸಾಲು. ಎಲ್ಲವೂ ಆಗಬಲ್ಲ ಒಂದು ಬುದ್ಧಿ (ಗ್ರಹಿಸುವ ಬುದ್ಧಿ), ಎಲ್ಲವನ್ನೂ ಆಗಿಸುವ ಇನ್ನೊಂದು ಬುದ್ಧಿ (ಕ್ರಿಯಾಬುದ್ಧಿ). ಎರಡನೆಯದು ಬೆಳಕಿನ ಹಾಗೆ (ಎ15), ಪ್ರತ್ಯೇಕ, ನಿರ್ವಿಕಾರ, ಬೆರಕೆಯಿಲ್ಲದ್ದು (ಎ17–18), ಅದೊಂದೇ ಅಮರ (ಎ23). ಆದರೆ ಈ ಭೇದ 'ಆತ್ಮದಲ್ಲಿ' ಇದೆ ಎಂದು ಎ13ರಲ್ಲಿ ಹೇಳಿಯಾಗಿದೆ. ಆತ್ಮದೊಳಗಿರುವುದು ಪ್ರತ್ಯೇಕ ಹೇಗಾದೀತು? ಅರಿಸ್ಟಾಟಲ್ ಅಲ್ಲಿಗೇ ಬಿಟ್ಟು ಮುಂದೆ ಹೋಗಿದ್ದಾನೆ.

ಕ್ರಿ.ಶ. 200ರ ಆಸುಪಾಸಿನ ವ್ಯಾಖ್ಯಾನಕಾರ, ಅಫ್ರೊಡಿಸಿಯಾಸ್ ಊರಿನ ಅಲೆಕ್ಸಾಂಡರ್ 'ಪ್ರತ್ಯೇಕ'ವನ್ನು ಹಿಡಿದ: ಕ್ರಿಯಾಬುದ್ಧಿ ಎಂದರೆ ದೇವರೇ, ಮನುಷ್ಯನ ಬುದ್ಧಿ ದೇಹದ ಜೊತೆ ಸಾಯುತ್ತದೆ. 4ನೇ ಶತಮಾನದ ಥೆಮಿಸ್ಟಿಯಸ್ 'ಆತ್ಮದಲ್ಲಿ'ಯನ್ನು ಹಿಡಿದ: ಅದು ನಮ್ಮೊಳಗೇ ಇದೆ. ಅಲ್-ಫರಾಬಿ ಮತ್ತು ಇಬ್ನ್ ಸೀನಾ ಅದನ್ನು ಗ್ರಹಗೋಳಗಳನ್ನು ನಡೆಸುವ ಬುದ್ಧಿಗಳ ಸಾಲಿನ ಕೊನೆಯ, ಚಂದ್ರಗೋಳದ ಕೆಳಗಿನ ಲೋಕವನ್ನು ನೋಡಿಕೊಳ್ಳುವ ಹತ್ತನೇ ಬುದ್ಧಿ ಮಾಡಿದರು. ಇಬ್ನ್ ರುಶ್ದ್ ಒಂದು ಹೆಜ್ಜೆ ಮುಂದೆ ಹೋಗಿ, ಗ್ರಹಿಸುವ ಬುದ್ಧಿಯೂ ಮನುಷ್ಯಕುಲಕ್ಕೆಲ್ಲ ಒಂದೇ ಎಂದ. ಅವನ ತರ್ಕ ಸರಳ: ಗುರುವಿಗೂ ಶಿಷ್ಯನಿಗೂ ಗೊತ್ತಾಗುವುದು ಒಂದೇ ಅರ್ಥ, ಆ ಅರ್ಥ ಇಬ್ಬರ ದೇಹಕ್ಕೆ ಹಂಚಿಹೋದರೆ ಅದು ಒಂದಾಗಿ ಉಳಿಯುವುದು ಹೇಗೆ? ಅಕ್ವಿನಾಸ್ 1270ರಲ್ಲಿ ತಿರುಗೇಟು ಕೊಟ್ಟ: ಹಾಗಾದರೆ 'ಈ ಮನುಷ್ಯ ಯೋಚಿಸುತ್ತಾನೆ' ಎಂದು ಹೇಳುವುದೇ ಸಾಧ್ಯವಾಗದು. ಅದೇ ವರ್ಷ ಪ್ಯಾರಿಸ್ ಬಿಷಪ್ ಟಾಂಪಿಯೆ ಇಬ್ನ್ ರುಶ್ದ್‌ನ ಈ ವಾದವೂ ಸೇರಿದಂತೆ 13 ಪ್ರತಿಪಾದನೆಗಳನ್ನು ಖಂಡಿಸಿದ, 1277ರ ಮಾರ್ಚ್ 7ರಂದು 219ನ್ನು. 1516ರಲ್ಲಿ ಇಟಲಿಯ ಪೊಂಪೊನಾಜಿ ಮತ್ತೆ ಇದನ್ನೇ ಕೆದಕಿ, ಅರಿಸ್ಟಾಟಲ್‌ನ ನೆಲೆಯಲ್ಲಿ ಆತ್ಮ ಅಮರ ಎಂದು ಸಾಧಿಸಲಾಗದು ಎಂದ.

ಇವರಲ್ಲಿ 'ತಿರುಚಿದವರು' ಯಾರು? ಹದಿನಾರು ಸಾಲಿಗೆ ಇಷ್ಟೂ ಓದು ದಕ್ಕುತ್ತವೆ. ನನ್ನನ್ನು ಕೇಳಿದರೆ ಇಬ್ನ್ ರುಶ್ದ್‌ನದು ಪಠ್ಯಕ್ಕೆ ಅತಿ ದೂರ, ಆದರೆ ಸಮಸ್ಯೆಗೆ ಅತಿ ಹತ್ತಿರ.

ಉಲ್ಲೇಖಿಸುವಾಗ ಒಂದು ಬಲೆ ಇದೆ. ಇಬ್ನ್ ರುಶ್ದ್ ತನ್ನ ವ್ಯಾಖ್ಯಾನಗಳನ್ನು ಮೂರು ಅಳತೆಯಲ್ಲಿ ಬರೆದಿದ್ದಾನೆ: ಸಂಗ್ರಹ, ಮಧ್ಯಮ, ದೀರ್ಘ. ದೀರ್ಘ ವ್ಯಾಖ್ಯಾನ ಐದು ಕೃತಿಗಳಿಗೆ ಮಾತ್ರ. ಅದರಲ್ಲಿ ಮೂಲವನ್ನು ಪೂರ್ತಿ ಎತ್ತಿಕೊಟ್ಟು ಕೆಳಗೆ ವಿವರಣೆ ಇರುತ್ತದೆ. ಮಧ್ಯಮದಲ್ಲಿ ಮೂಲವೂ ವಿವರಣೆಯೂ ಬೆಸೆದುಕೊಂಡಿರುವುದರಿಂದ, ಅದರ ವಾಕ್ಯವನ್ನು ಅರಿಸ್ಟಾಟಲ್‌ನದೆಂದು ಎತ್ತಲೇಬಾರದು. 'ಆತ್ಮದ ಕುರಿತು' ದೀರ್ಘ ವ್ಯಾಖ್ಯಾನದ ಅರಬ್ಬಿ ಮೂಲ ಬಹುಪಾಲು ಹೋಗಿದೆ, ಪೂರ್ತಿ ಉಳಿದಿರುವುದು ಲ್ಯಾಟಿನ್ ಅನುವಾದ. ಅಂದರೆ ಅದರೊಳಗಿನ 'ಮೂಲ' ಗ್ರೀಕಿನಿಂದ ಅರಬ್ಬಿಗೆ, ಅಲ್ಲಿಂದ ಲ್ಯಾಟಿನ್‌ಗೆ ಬಂದದ್ದು. ಹಾಗಂತ ಹಳೆಯ ಅನುವಾದವನ್ನು ತಳ್ಳಿಹಾಕಲೂ ಬೇಡಿ: 'ಪೊಯೆಟಿಕ್ಸ್'ನ ಅರಬ್ಬಿ ಪಾಠಕ್ಕೆ ಹಿನ್ನೆಲೆಯಾದ ಗ್ರೀಕ್ ಪ್ರತಿ ಈಗ ಉಳಿದಿರುವ ಗ್ರೀಕ್ ಪ್ರತಿಗಳಿಗಿಂತ ಹಳೆಯದು, ಸಂಪಾದಕರು ಅದನ್ನು ಸಾಕ್ಷಿಯಾಗಿ ಬಳಸುತ್ತಾರೆ.

ಹಾದಿಹೋಕ:

ಎಲ್ಲರಿಗೂ ಧನ್ಯವಾದ. 1453ರ ಪ್ಯಾರಾ ಅಳಿಸಿದೆ. ಇನ್ನೊಂದೇ ಅನುಮಾನ: ಪ್ಲೇಟೋನ ತತ್ವ ಎಂದರೆ ಏಕ, ಬುದ್ಧಿ, ಆತ್ಮ ಎಂಬ ಮೂರು ಮೆಟ್ಟಿಲು ಎಂದು 15ನೇ ಶತಮಾನದ ಫ್ಲಾರೆನ್ಸಿನಲ್ಲಿ ಪ್ಲೇಟೋನನ್ನು ಲ್ಯಾಟಿನ್‌ಗೆ ತಂದ ಫಿಚೀನೊ ಬಗ್ಗೆ ಓದುವಾಗ ಸಿಗುತ್ತದೆ. ಇದು ಪ್ಲೇಟೋನಲ್ಲಿ ಎಲ್ಲಿದೆ?

ಸಾಲುದೀಪ:

ಆ ರೂಪದಲ್ಲಿ ಎಲ್ಲೂ ಇಲ್ಲ. ಅದು ಪ್ಲೊಟಿನಸ್, ಎನಿಯಡ್ಸ್ 5.1. ತಾನು ಹೇಳುತ್ತಿರುವುದು ಹೊಸದಲ್ಲ, ಹಿಂದೆಯೇ ಹೇಳಿದ್ದನ್ನು ಬಿಡಿಸುತ್ತಿದ್ದೇನೆ ಅಷ್ಟೇ ಎಂದು 5.1.8ರಲ್ಲಿ ಅವನೇ ಹೇಳುತ್ತಾನೆ. 'ಪಾರ್ಮೆನಿಡೀಸ್' ಸಂವಾದದ ಎರಡನೇ ಭಾಗದಲ್ಲಿ ಬರುವ ಮೊದಲ ಮೂರು ವಾದಸರಣಿಗಳನ್ನು ಈ ಮೂರು ಮೆಟ್ಟಿಲು ಎಂದು ಓದಿದ್ದರಿಂದ ಇದು ಹುಟ್ಟಿತು. ಮೊದಲನೆಯದು 137ಸಿ–142ಎ: ಏಕದ ಬಗ್ಗೆ ಏನನ್ನೂ ಹೇಳಲಾಗದು ಎಂದು ಮುಗಿಯುತ್ತದೆ. ಅದನ್ನು ತರ್ಕದ ಕಸರತ್ತು ಎಂದು ಓದಿದರೆ ಒಂದು ಪ್ಲೇಟೋ, ಮಾತಿಗೆ ಮೀರಿದ ಪರತತ್ವದ ವರ್ಣನೆ ಎಂದು ಓದಿದರೆ ಇನ್ನೊಂದು ಪ್ಲೇಟೋ.

ಈ ಎರಡನೇ ಓದು ಗಟ್ಟಿಯಾಗಲು ಪಠ್ಯಕ್ರಮ ಕಾರಣ. ಪ್ಲೊಟಿನಸ್‌ನ ಪಂಥದ ಇಯಾಂಬ್ಲಿಕಸ್ ಗೊತ್ತುಮಾಡಿದ ಕ್ರಮದಲ್ಲಿ 'ಆಲ್ಸಿಬಿಯಾಡೀಸ್'ನಿಂದ ತೊಡಗಿ ಹತ್ತು ಸಂವಾದ ಓದಿ, ಆಮೇಲೆ ಶಿಖರವಾಗಿ 'ಟಿಮೇಯಸ್' ಮತ್ತು 'ಪಾರ್ಮೆನಿಡೀಸ್'. 'ರಿಪಬ್ಲಿಕ್' ಮತ್ತು 'ಲಾಸ್' ಆ ಹನ್ನೆರಡರಲ್ಲಿ ಇಲ್ಲವೇ ಇಲ್ಲ! ಪ್ಲೇಟೋಗೂ ಮೊದಲು ಅರಿಸ್ಟಾಟಲ್, ಅವನಿಗೂ ಮೊದಲು ಅರಿಸ್ಟಾಟಲ್‌ನ ತರ್ಕಕ್ಕೆ ಪೊರ್ಫಿರಿ ಬರೆದ ಪ್ರವೇಶಿಕೆ 'ಇಸಗೋಗೆ'. ಮಾತಿನ ಮೇಲ್ಮೈ ಬಿಟ್ಟು ಆಶಯ ನೋಡಿ, ಬಹುಪಾಲು ಕಡೆ ಇಬ್ಬರಿಗೂ ಹೊಂದಾಣಿಕೆ ತೋರಿಸುವುದು ಒಳ್ಳೆಯ ವ್ಯಾಖ್ಯಾನಕಾರನ ಕರ್ತವ್ಯ ಎಂದು 6ನೇ ಶತಮಾನದ ಸಿಂಪ್ಲಿಸಿಯಸ್ ಬರೆದೇ ಇಟ್ಟಿದ್ದಾನೆ. ಹೊಂದಾಣಿಕೆ ಎಂಬುದು ಇಲ್ಲಿ ಓದಿನ ಫಲ ಅಲ್ಲ, ಓದಿನ ನಿಯಮ.

ಯಾವ ಪುಸ್ತಕ ಕೈಲಿಲ್ಲ ಎನ್ನುವುದೂ ಅಷ್ಟೇ ಮುಖ್ಯ. 'ಪಾಲಿಟಿಕ್ಸ್' ಸಿಗದ ಕಾರಣ ಇಬ್ನ್ ರುಶ್ದ್ ಅದರ ಜಾಗದಲ್ಲಿ 'ರಿಪಬ್ಲಿಕ್'ಗೆ ವ್ಯಾಖ್ಯಾನ ಬರೆದ. ಹಾಗಾಗಿ ಅವನ ರಾಜಕೀಯ ಚಿಂತನೆಯ ಆಧಾರ ಪ್ಲೇಟೋ, ಉಳಿದೆಲ್ಲದರ ಆಧಾರ ಅರಿಸ್ಟಾಟಲ್.

ಫಿಚೀನೊಗೆ ಫ್ಲಾರೆನ್ಸಿನ ಒಡೆಯ ಕೊಸಿಮೊ ದೆ ಮೆಡಿಚಿ 1462ರಲ್ಲಿ ಪ್ಲೇಟೋನ ಗ್ರೀಕ್ ಪ್ರತಿ ಕೊಟ್ಟ. ಅಷ್ಟರಲ್ಲಿ ಪುರಾತನ ಈಜಿಪ್ಟಿನ ಜ್ಞಾನಿ ಎಂದು ನಂಬಲಾಗಿದ್ದ ಹರ್ಮಿಸ್ ಟ್ರಿಸ್ಮೆಜಿಸ್ಟಸ್ ಹೆಸರಿನ ಬರಹಗಳು ಸಿಕ್ಕಿದ್ದರಿಂದ ಪ್ಲೇಟೋನನ್ನು ಬದಿಗಿಟ್ಟು ಮೊದಲು ಅವನ್ನು ಮುಗಿಸಬೇಕಾಯಿತು, 1463ರಲ್ಲಿ ಮುಗಿಯಿತು. ಹರ್ಮಿಸ್ ಪ್ಲೇಟೋಗಿಂತ ಎಷ್ಟೋ ಹಳಬ, ಮೂಲ ಜ್ಞಾನ ಅಲ್ಲಿಂದ ಪ್ಲೇಟೋವರೆಗೆ ಇಳಿದುಬಂತು ಎಂದು ಫಿಚೀನೊನ ನಂಬಿಕೆ. 1614ರಲ್ಲಿ ಭಾಷಾವಿದ್ವಾಂಸ ಐಸಾಕ್ ಕಸಬಾನ್ ಭಾಷೆ, ಶೈಲಿ ಪರೀಕ್ಷಿಸಿ ಆ ಬರಹಗಳು ಕ್ರಿಸ್ತಶಕದವು ಎಂದು ತೋರಿಸಿದ. ಅಂದರೆ ಅವು ಪ್ಲೇಟೋನಂತೆ ಧ್ವನಿಸುವುದು ಅವನ ನಂತರ ಹುಟ್ಟಿದ್ದರಿಂದ. ಫಿಚೀನೊನ ಸಂಪೂರ್ಣ ಪ್ಲೇಟೋ 1484ರಲ್ಲಿ ಅಚ್ಚಾಯಿತು, ಪ್ಲೊಟಿನಸ್ 1492ರಲ್ಲಿ. ಸಂವಾದಗಳ ಜೊತೆ ಅವನು ಇಟ್ಟ ಪೀಠಿಕೆಗಳು ಪ್ಲೊಟಿನಸ್‌ನ ಕಣ್ಣಿನವು. ಅನುವಾದ ಮಾತ್ರ ನಿಷ್ಠ, ಅದನ್ನೂ ಪೀಠಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಪ್ಲೇಟೋ ಮತ್ತು ಪ್ಲೊಟಿನಸ್‌ರ ಬೆಸುಗೆಯನ್ನು ಬಿಡಿಸಲು 18ನೇ ಶತಮಾನ ಬರಬೇಕಾಯಿತು. ಬ್ರುಕರ್ 1742ರಿಂದ ಹೊರತಂದ ತತ್ವಶಾಸ್ತ್ರದ ಇತಿಹಾಸದಲ್ಲಿ ಪ್ಲೊಟಿನಸ್‌ನ ಪಂಥವನ್ನು ಪ್ಲೇಟೋನಿಂದ ಬೇರೆ ಮಾಡಿ ಇಟ್ಟ. 1804ರಿಂದ ಶ್ಲೈಯರ್‌ಮಾಕರ್‌ನ ಜರ್ಮನ್ ಅನುವಾದ ಸಂವಾದಗಳನ್ನು ಸಂವಾದಗಳಾಗಿಯೇ ಓದಲು ಹಚ್ಚಿತು.

ನಿಮ್ಮ ಲೇಖನದಲ್ಲಿ "ಪ್ಲೇಟೋ ಹೇಳಿದ" ಎಂದು ಬರುವಲ್ಲೆಲ್ಲ ಸ್ಟೆಫಾನಸ್ ಸಂಖ್ಯೆ ಹಾಕುತ್ತಾ ಹೋಗಿ. ಸಂಖ್ಯೆ ಸಿಗದ ಕಡೆ ವಾಕ್ಯವನ್ನು "ಫಿಚೀನೊ ಓದಿದ ಪ್ಲೇಟೋ" ಎಂದು ತಿದ್ದಿ.

ಟಿಪ್ಪಣಿಕಾರ:

ಸಂಖ್ಯೆ ಹಾಕುವಾಗ ಕಾಲಂ ಅಕ್ಷರವನ್ನು ಎ, ಬಿ, ಸಿ ಎಂದೇ ಬರೆಯಿರಿ, ಅ, ಆ, ಇ ಮಾಡಬೇಡಿ. 'ಇ' ಎಂದರೆ ಪುಟದ ಐದನೇ ಭಾಗವೋ ಮೂರನೆಯದೋ ಎಂದು ಓದುಗ ತಡಕಾಡುತ್ತಾನೆ. ಎನಿಯಡ್ಸ್‌ಗೆ ಬೇಕಿದ್ದರೆ ಪ್ಲೊಟಿನಸ್ ಬರೆದ ಕಾಲಕ್ರಮದ ಸಂಖ್ಯೆಯನ್ನೂ ಕಂಸದಲ್ಲಿ ಸೇರಿಸಿ: 4.8 (6), 5.1 (10). ಕಟ್ಟು ಕಟ್ಟಿದ ಕ್ರಮ ಪೊರ್ಫಿರಿಯದ್ದು, ಬರೆದ ಕ್ರಮ ಬೇರೆ. ಆ ಪಟ್ಟಿಯನ್ನೂ ಪೊರ್ಫಿರಿಯೇ ತನ್ನ ಗುರುವಿನ ಜೀವನಚರಿತ್ರೆಯಲ್ಲಿ ಕೊಟ್ಟಿದ್ದಾನೆ.